ಎಂಟೂವರೆಯ ಮಳೆ

ಬೆಳಿಗ್ಗೆ ಎಂಟೂವರೆಗೆ ನನಗೊಂದು ಕೆಲಸವಿದೆ. ಕೊಡೆ ಹಿಡಿದು ಹಿತ್ತಿಲಿಗೆ ಹೋಗಬೇಕು. ಬಾವಿಕಟ್ಟೆ ದಾಟಿ, ಪಾಚಿಯ ಮೇಲೆ ಜಾರದ ಹಾಗೆ ಕಾಲಿಟ್ಟು, ಮರದ ಗೂಟಕ್ಕೆ ಕಟ್ಟಿರುವ, ಮಳೆ ಅಳೆಯುವ ಪ್ಲಾಸ್ಟಿಕ್ ಕೊಳವೆಯ ಎದುರು ಬಗ್ಗಬೇಕು. ನೀರು ಎಲ್ಲಿಗೆ ನಿಂತಿದೆ ನೋಡಬೇಕು. ಚೆಲ್ಲಬೇಕು. ಒಳಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂರು ನಿಮಿಷದ ಕೆಲಸ. ಆದರೆ ಆ ಮೂರು ನಿಮಿಷ ತಪ್ಪಿದರೆ ನನಗೆ ಇಡೀ ದಿನ ಬಲಗಾಲಿಗೆ ಎಡಗಾಲಿನ ಚಪ್ಪಲಿ ಹಾಕಿಕೊಂಡ ಹಾಗಿರುತ್ತದೆ.

ಒಂಬತ್ತಕ್ಕೆ ಆಫೀಸಿನ ಮೀಟಿಂಗ್. ಅಷ್ಟರೊಳಗೆ ಮಗಳ ಡಬ್ಬಿ, ನನ್ನ ಕಾಫಿ, ಒಲೆಯ ಮೇಲಿನ ತಂತಿಗೆ ನೇತುಹಾಕಿದ ಅರೆ ಒಣಗಿದ ಯೂನಿಫಾರ್ಮು. ಮೊನ್ನೆ ಇದರ ಮಧ್ಯೆ ಬೆಂಗಳೂರಿನ ಗೆಳತಿ ಫೋನ್ ಮಾಡಿದಳು. "ಆ ಊರಲ್ಲಿ ಹೊತ್ತು ಹೇಗೇ ಹೋಗತ್ತೆ ನಿಂಗೆ?" ಅಂದಳು. "ಪುರುಸೊತ್ತೇ ಇಲ್ಲ ಮಾರಾಯ್ತಿ" ಅಂದೆ. ಅಂದ ಮೇಲೆ ನನಗೇ ಎರಡು ಸಂಗತಿ ಹೊಳೆದವು. ಒಂದು, ತುಮಕೂರಿನ ಕಡೆಯವಳಾದ ನಾನು 'ಮಾರಾಯ್ತಿ' ಅನ್ನತೊಡಗಿದ್ದೇನೆ. ಎರಡು, 'ಪುರುಸೊತ್ತಿಲ್ಲ' ಅನ್ನುವಾಗ ನಾನು ನಗುತ್ತಿದ್ದೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದೇ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳಿದ್ದೇನೆ. ಒಂದು ಸಲವೂ ನಕ್ಕ ನೆನಪಿಲ್ಲ.

ನಾವು ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ. ದಯವಿಟ್ಟು ಇದನ್ನು 'ನಗರ ಬಿಟ್ಟು ಬೇರಿನ ಕಡೆಗೆ' ಥರದ ಕತೆ ಅಂದುಕೊಳ್ಳಬೇಡಿ. ನಮಗೆ ಇಲ್ಲಿ ಬೇರೂ ಇಲ್ಲ, ತೋಟವೂ ಇಲ್ಲ. ನನ್ನ ಗಂಡ ಬ್ಯಾಂಕಿನವರು. ವರ್ಗಾವಣೆ ಆಯಿತು, ಬಂದೆವು. ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ ನಡೆಯುವಂಥದ್ದು, ಹಾಗಾಗಿ ಅದೂ ಲಗೇಜಿನ ಜೊತೆ ಬಂತು. ಅಷ್ಟೇ. ಆ ವರ್ಷ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಪರದಾಟ ಇತ್ತು ಅನ್ನುವುದು ನಿಮಗೆ ನೆನಪಿರಬಹುದು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದಿನವಿಡೀ ಟ್ಯಾಂಕರಿನದ್ದೇ ಮಾತು. ಅಲ್ಲಿಂದ ಸೀದಾ ಬಂದವರು ನಾವು. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಕೈಯಲ್ಲಿ ಎರಡು ಲೀಟರಿನ ಕುಡಿಯುವ ನೀರಿನ ಬಾಟಲಿ ಇತ್ತು. ಅದೇ ಬಾಟಲಿ ಮುಂದೆ ನನ್ನ ಮೊದಲ ಮಳೆಮಾಪಕವಾಯಿತು.

ಬಾಡಿಗೆಗೆ ಸಿಕ್ಕಿದ್ದು ಹೆಂಚಿನ ಮನೆ. ಪೇಟೆಯಿಂದ ನಡೆದು ಹೋಗುವಷ್ಟು ದೂರ. ಕೆಂಪು ಗಾರೆ ನೆಲ, ದಪ್ಪ ಗೋಡೆ, ಅಡುಗೆಮನೆಯಲ್ಲಿ ಎರಡು ಗಾಜಿನ ಹೆಂಚು. ಮಧ್ಯಾಹ್ನ ಹನ್ನೆರಡಕ್ಕೆ ಆ ಗಾಜಿನಿಂದ ಬಿಸಿಲು ಇಳಿದು ನೆಲದ ಮೇಲೆ ಎರಡು ಚೌಕ ಮಾಡುತ್ತದೆ. ಮನೆ ನೋಡಲು ಬಂದ ದಿನ ಆ ಚೌಕ ನೋಡಿಯೇ ನಾನು 'ಇದೇ ಇರಲಿ' ಅಂದದ್ದು. ಹೆಂಚು ಎಷ್ಟು ಹಳೆಯದು, ಅದನ್ನು ಹೊರುವ ಮರದ ಪಕಾಸು ಗಟ್ಟಿಯಿದೆಯಾ, ಅದರ ಮೇಲಿನ ರೀಪಿಗೆ ಗೆದ್ದಲು ಹಿಡಿದಿದೆಯಾ ಎಂದು ಕೇಳಬೇಕು ಅನ್ನುವುದೆಲ್ಲ ಆಗ ಗೊತ್ತಿರಲಿಲ್ಲ. ಆರ್‌ಸಿಸಿ ಮನೆಯವರಿಗೆ ತಲೆಯ ಮೇಲೆ ಏನಿದೆ ಅನ್ನುವ ಯೋಚನೆಯೇ ಬರುವುದಿಲ್ಲ, ಅಲ್ವಾ.

ಜೂನ್ ಎರಡನೇ ವಾರ. ಮೃಗಶಿರಾ ಮಳೆ ಹಿಡಿದಿತ್ತು. ರಾತ್ರಿ ಎರಡು ಗಂಟೆಗೆ ಮಗಳು ಎದ್ದು ಬಂದು "ಅಮ್ಮ, ನನ್ನ ಮೂಗಿನ ಮೇಲೆ ಬಿತ್ತು" ಅಂದಳು. ಲೈಟ್ ಹಾಕಿ ನೋಡಿದರೆ ಅವಳ ಮಂಚದ ಮೇಲೆ, ಪುಸ್ತಕದ ಕಪಾಟಿನ ಮೇಲೆ, ನಡುಮನೆಯಲ್ಲಿ ಇನ್ನೂ ಬಿಚ್ಚದ ರಟ್ಟಿನ ಡಬ್ಬಗಳ ಮೇಲೆ ಟಪ್ ಟಪ್. ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ಹಾಸಿದೆವು. ಪಾತ್ರೆ ಸಾಲಲಿಲ್ಲ. ಇಡ್ಲಿ ಕುಕ್ಕರಿನ ತಟ್ಟೆಗಳನ್ನೂ ಇಟ್ಟೆವು. ಒಂದೊಂದು ತಟ್ಟೆಯಲ್ಲಿ ನಾಲ್ಕು ಗುಳಿ, ನಾಲ್ಕು ಸ್ವರ. ಮಗಳು ಕಂಬಳಿ ಹೊದ್ದು ಕೂತು ಯಾವುದು ಮೊದಲು ತುಂಬುತ್ತದೆ ಎಂದು ಪಂದ್ಯ ಕಟ್ಟಿದಳು. ನನಗೆ ಅಳು ಬಂದಿತ್ತು.

ಮಾರನೇ ದಿನ ಓನರ್ ಬಂದರು. ಅವರ ಮನೆ ಹಳ್ಳಿಯಲ್ಲಿ, ಅಡಿಕೆ ತೋಟದವರು. ಜೊತೆಗೆ ಹೆಂಚು ಹತ್ತುವವರೊಬ್ಬರನ್ನು ಕರೆತಂದಿದ್ದರು. ಮಳೆ ಬರುವ ಮೊದಲೇ ಹೆಂಚು ಕೈಯಾಡಿಸಬೇಕಿತ್ತು ಅನ್ನುವುದು ಅವರ ವಾದ. ಅಂದರೆ ಹೆಂಚನ್ನೆಲ್ಲ ಒಮ್ಮೆ ಸರಿಸಿ, ಕಸ ಗುಡಿಸಿ, ಒಡೆದದ್ದು ತೆಗೆದು, ಮತ್ತೆ ಜೋಡಿಸುವುದು. ಇಲ್ಲಿ ಪ್ರತಿ ಬೇಸಿಗೆಯಲ್ಲೂ ಮಾಡುವ ಕೆಲಸ. ಬಾಡಿಗೆದಾರರು ಮಾಡಬೇಕಾ ಓನರ್ ಮಾಡಬೇಕಾ ಅನ್ನುವ ಚರ್ಚೆಗೆ ನಾನು ತಯಾರಾಗಿದ್ದೆ. ಅಷ್ಟರಲ್ಲಿ ಮೇಲಿನಿಂದ ಕೂಗು ಬಂತು: "ಮಂಗ ಓಡ್ಯಾಡಿದ್ದು ಇದು. ಹದಿನೇಳು ಒಡದೋಗಿದೆ." ಚರ್ಚೆ ಮುಗಿಯಿತು. ಮಂಗಕ್ಕೆ ಬಿಲ್ ಕಳಿಸಲು ಆಗುವುದಿಲ್ಲ.

ಇಳಿಸಿದ ಒಡಕು ಹೆಂಚುಗಳಲ್ಲಿ ಒಂದರ ಮೇಲೆ ಉಬ್ಬಕ್ಷರದಲ್ಲಿ ಬಾಸೆಲ್ ಮಿಷನ್ ಎಂದೂ 1865 ಎಂದೂ ಇತ್ತು. ನನಗೆ ರೋಮಾಂಚನ. ನೂರೈವತ್ತು ದಾಟಿದ ಮನೆ! ಫೋಟೋ ತೆಗೆದು ನಾಲ್ಕು ಗುಂಪಿಗೆ ಕಳಿಸಿಯೂ ಆಯಿತು. ಓನರ್ ನಕ್ಕರು. 1865 ಅನ್ನುವುದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಮನೆ ಅವರ ಅಪ್ಪನ ಕಾಲದ್ದು. ಹೆಂಚು ಮನೆಗಿಂತ ಹಳೆಯದು, ಯಾರದೋ ಮನೆ ಕೆಡವಿದಾಗ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಹೋಲಿಕೆ ನೋಡಿ, ನಾವೂ ಹಾಗೇ ಬಂದವರು. ಆ ಒಡಕು ಹೆಂಚನ್ನು ನಾನು ಎಸೆದಿಲ್ಲ. ಈಗ ಅದು ನನ್ನ ಮೇಜಿನ ಮೇಲೆ ಪೆನ್ನಿನ ತಟ್ಟೆ.

ಹದಿನೇಳು ಹೆಂಚು ಬದಲಾಯಿತು. ಆದರೂ ಒಂದು ಜಾಗ ಮಾತ್ರ ಸೋರುತ್ತಿತ್ತು, ಅದೂ ದಿನಾ ಅಲ್ಲ. ಕೆಲವು ದಿನ ಎಷ್ಟೇ ಹೊಯ್ದರೂ ಒಣ, ಕೆಲವು ದಿನ ಬಕೆಟ್ ಇಡಬೇಕು. 'ಜಾಸ್ತಿ ಮಳೆ ಬಂದರೆ ಸೋರುತ್ತದೆ' ಎಂದು ಗಂಡ, 'ಗಾಳಿಯ ದಿನ ಸೋರುತ್ತದೆ' ಎಂದು ನಾನು. ಜಾಸ್ತಿ ಅಂದರೆ ಎಷ್ಟು? ಈ ಒಂದು ಜಗಳದಿಂದ ಆ ಬಾಟಲಿಗೆ ಕತ್ತರಿ ಬಿತ್ತು.

ಮಳೆ ಅಳೆಯುವುದು ಎಷ್ಟು ಸರಳ ಅನ್ನುವುದು ಗೊತ್ತಾದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಗೋಡೆ ನೆಟ್ಟಗಿರುವ ಯಾವ ಪಾತ್ರೆಯಾದರೂ ಸಾಕು. ಬಾಯಿ ಎಷ್ಟು ಅಗಲ ಅನ್ನುವುದು ಮುಖ್ಯವೇ ಅಲ್ಲ. ಅಗಲ ಬಾಯಿಗೆ ಹೆಚ್ಚು ನೀರು ಬೀಳುತ್ತದೆ, ಆದರೆ ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ನೆಟ್ಟ ಗೋಡೆಯ ಲೋಟವಿಟ್ಟರೂ ಡ್ರಮ್ ಇಟ್ಟರೂ ಎತ್ತರ ಒಂದೇ. ಆ ಎತ್ತರವೇ ಮಿಲಿಮೀಟರ್. ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಆಲಿಕೆಯ ಹಾಗೆ ಸಿಕ್ಕಿಸಿ, ತಳದ ಉಬ್ಬುತಗ್ಗಿಗೆ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಹೊಯ್ದು, ಅಲ್ಲೊಂದು ಸೊನ್ನೆಯ ಗೆರೆ ಎಳೆದು, ಪಕ್ಕಕ್ಕೆ ಮಗಳ ಸ್ಕೇಲ್ ಅಂಟಿಸಿದೆ. ಮೊದಲ ದಿನದ ಲೆಕ್ಕ ನೋಡಿ ನಾವಿಬ್ಬರೂ ಬಾಯಿ ಬಿಟ್ಟೆವು. ಆಗುಂಬೆಯನ್ನೇ ಮೀರಿಸಿದ್ದೆವು. ಆಮೇಲೆ ತಿಳಿಯಿತು, ಬಾಟಲಿ ಇಟ್ಟಿದ್ದು ಸೂರಿನ ಅಂಚಿನಡಿ. ಇಡೀ ಮಾಡಿನ ನೀರು ಅದರೊಳಗೆ ಸುರಿದಿತ್ತು. ಮರ, ಗೋಡೆ ಏನೇ ಇರಲಿ, ಅದರ ಎತ್ತರದ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇಡಬೇಕು ಅನ್ನುತ್ತಾರೆ. ನಮ್ಮ ಹಿತ್ತಿಲಿನಲ್ಲಿ ಅಂಥ ಜಾಗ ಒಂದೇ ಒಂದು, ಬಾವಿಯ ಆಚೆ. ಆದ್ದರಿಂದ ಈ ದಿನನಿತ್ಯದ ಜಾರುಬಂಡಿ.

ಹೊತ್ತು ಎಂಟೂವರೆಯೇ ಯಾಕೆ ಅಂದರೆ, ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಆಗ. ಇವತ್ತು ಎಂಟೂವರೆಯಿಂದ ನಾಳೆ ಎಂಟೂವರೆ, ಒಂದು ದಿನ. ಗ್ರೀನಿಚ್ ಗಡಿಯಾರದಲ್ಲಿ ಅದು ಸರಿಯಾಗಿ ಮೂರು ಗಂಟೆ. ಪೇಪರಿನ ಅಂಕಿಯ ಜೊತೆ ನನ್ನದನ್ನು ಹೋಲಿಸಬೇಕಾದರೆ ನಾನೂ ಅದೇ ಹೊತ್ತು ಹಿಡಿಯಬೇಕು. ಪೇಪರಿನಲ್ಲಿ 'ಭಾರೀ ಮಳೆ' ಅಂತ ಬರೆಯುತ್ತಾರಲ್ಲ, ಅದು ಸುಮ್ನೆ ಅಲಂಕಾರದ ಮಾತು ಅಂದುಕೊಂಡಿದ್ದೆ. ಅದಕ್ಕೂ ಇಲಾಖೆಯ ಲೆಕ್ಕವಿದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ, 115.5 ದಾಟಿದರೆ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲೆ. 

ಈ ಅಂಕಿಗಳು ಕೈಗೆ ಸಿಕ್ಕ ಮೇಲೆ ತಲೆ ಎಲ್ಲೆಲ್ಲೋ ಓಡತೊಡಗಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನಮ್ಮ ಮಾಡು ಸುಮಾರು 120 ಚದರ ಮೀಟರ್. ನೂರು ಮಿಲಿಮೀಟರ್ ಬಿದ್ದ ದಿನ ನಮ್ಮ ತಲೆಯ ಮೇಲೆ 12,000 ಲೀಟರ್ ಸುರಿದು, ಚರಂಡಿಗೆ ಹೋಯಿತು. ಬೆಂಗಳೂರಿನ ಆ ಬೇಸಿಗೆಯಲ್ಲಿ 6,000 ಲೀಟರಿನ ಟ್ಯಾಂಕರಿಗೆ ನಮ್ಮ ಅಪಾರ್ಟ್‌ಮೆಂಟಿನವರು ಗೇಟಿನಲ್ಲಿ ನಿಂತು ಕಾದಿದ್ದೆವು. ಇಲ್ಲಿ ಒಂದೇ ದಿನ, ಕೇಳದೆಯೇ, ಎರಡು ಟ್ಯಾಂಕರ್. ಈ ಲೆಕ್ಕ ಮಾಡಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಂದ ಹಾಗೆ, ಸೋರುವ ಜಗಳದಲ್ಲಿ ಗೆದ್ದವಳು ನಾನು. ಗಾಳಿಯೇ. ನೈಋತ್ಯದಿಂದ ಓರೆಯಾಗಿ ಹೊಡೆದಾಗ ಮಾತ್ರ ಆ ಮೂಲೆ ಸೋರುತ್ತದೆ, ಮಳೆ ಇಪ್ಪತ್ತೇ ಮಿಲಿಮೀಟರ್ ಇದ್ದರೂ. ಒಂದೂವರೆ ತಿಂಗಳ ನೋಟ್‌ಬುಕ್ ತೋರಿಸಿದೆ. ಗಂಡ "ಸರಿ" ಅಂದರು. ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆವು. ಈಗ ಸೋರುವುದಿಲ್ಲ. ಅಲ್ಲಿಗೆ ಮಳೆ ಅಳೆಯುವುದನ್ನು ನಿಲ್ಲಿಸಬಹುದಿತ್ತು.

ನಿಲ್ಲಿಸಲು ಓನರ್ ಬಿಡಲಿಲ್ಲ. ತಟ್ಟಿ ಕಟ್ಟಿಸುವಾಗ ನೋಟ್‌ಬುಕ್ ನೋಡಿ ಹೋದವರು ಮರುದಿನ ಎಂಟು ಮೂವತ್ತೈದಕ್ಕೆ ಫೋನ್ ಮಾಡಿದರು. "ಎಷ್ಟಾತು ಇವತ್ತು?" ಅವತ್ತಿನಿಂದ ಮಳೆಗಾಲದ ಪ್ರತಿ ದಿನ ಅದೇ ಹೊತ್ತಿಗೆ ಅದೇ ಪ್ರಶ್ನೆ. ಅವರ ಚಿಂತೆ ಕೊಳೆರೋಗ. ಮಳೆ ಬಿಡದೆ ಹಿಡಿದರೆ ಅಡಿಕೆಕಾಯಿ ಕೊಳೆತು ಉದುರುತ್ತದೆ. ಮಳೆಗಾಲದ ಮೊದಲು ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಆ ಎರಡನೇ ಸಲದ್ದೇ ಕಷ್ಟ, ಅಷ್ಟು ಹೊತ್ತಿಗೆ ಮಳೆ ಬಿಡುವು ಕೊಡುವುದಿಲ್ಲ. ಮರ ಹತ್ತಿ, ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟುವವರೂ ಇದ್ದಾರೆ. ಅವರ ತೋಟ ಇಲ್ಲಿಂದ ಹತ್ತಾರು ಕಿಲೋಮೀಟರ್. ನನ್ನ ಹಿತ್ತಿಲಿನ ಅಂಕಿಯಿಂದ ಅವರಿಗೆ ಏನೂ ಉಪಯೋಗವಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೂ ಕೇಳುತ್ತಾರೆ. ನಾನೂ ಹೇಳುತ್ತೇನೆ. ಕೊನೆಗೆ ಅವರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ಹೇಳುತ್ತಾರೆ. ತುಂಬಿದರೆ 1,819 ಅಡಿ. ಈ ಊರಿನಲ್ಲಿ ಜುಲೈ ತಿಂಗಳಲ್ಲಿ ಯಾರನ್ನು ಮಾತಾಡಿಸಿದರೂ 'ಇನ್ನೆಷ್ಟು ಅಡಿ ಬೇಕು' ಅನ್ನುವುದು ಗೊತ್ತಿರುತ್ತದೆ. ಕ್ರಿಕೆಟ್ ಸ್ಕೋರಿನ ಹಾಗೆ. ಅಷ್ಟು ನೀರು, ಅಷ್ಟು ಕರೆಂಟ್ ಹುಟ್ಟುವುದು ಪಕ್ಕದಲ್ಲೇ. ಆದರೆ ಗಾಳಿ ಬೀಸಿ ಒಂದು ಮರ ಉರುಳಿದರೆ ನಮ್ಮ ಬೀದಿ ಕತ್ತಲು.

ನನ್ನಜ್ಜನೂ ಮಳೆಯ ಹೆಸರು ಹಿಡಿದೇ ಮಾತಾಡುತ್ತಿದ್ದ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ರಾಗಿಯ ಸೀಮೆ ನಮ್ಮದು. 'ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ' ಅನ್ನುತ್ತಾ ಆಕಾಶ ನೋಡುತ್ತಿದ್ದ. ಅವನ ಬಾಯಲ್ಲಿ ಮಳೆಯ ಹೆಸರೆಲ್ಲ ಕರೆಯುವ ಹೆಸರು, ಬಾರಪ್ಪ ಅನ್ನುವ ಹಾಗೆ. ಇಲ್ಲಿಯೂ ಅವೇ ಇಪ್ಪತ್ತೇಳು ನಕ್ಷತ್ರ, ಅವೇ ಹೆಸರು. ಆದರೆ ಹೇಳುವ ಧಾಟಿ ಬೇರೆ. ಪುನರ್ವಸು ಅಣ್ಣನ ಮಳೆ, ಪುಷ್ಯ ತಮ್ಮನ ಮಳೆ. "ಅಣ್ಣ ಹೋದ, ಇನ್ನು ತಮ್ಮ ಇದ್ದಾನೆ" ಎಂದು ಪಕ್ಕದ ಮನೆಯ ಅಜ್ಜಿ ನಿಟ್ಟುಸಿರು ಬಿಡುವಾಗ ಸಾಲಗಾರರ ವಿಷಯ ಹೇಳುತ್ತಿದ್ದಾರೇನೋ ಅನ್ನಿಸುತ್ತದೆ. ಒಂದೇ ಭಾಷೆಯ ಒಂದೇ ಪದಕ್ಕೆ ಮುನ್ನೂರು ಕಿಲೋಮೀಟರಿನೊಳಗೆ ಮುಖವೇ ಬದಲಾಗುತ್ತದೆ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಇನ್ನೊಂದು ಕಲಂ ಬಂತು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಭಾನುವಾರ ಕೂತು ಅದನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕುತ್ತೇನೆ. ಆರಿದ್ರಾ ಎಷ್ಟು ಕೊಟ್ಟಿತು, ಅಣ್ಣನೆಷ್ಟು, ತಮ್ಮನೆಷ್ಟು. ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ ಇರುತ್ತದೆ: ಕಪ್ಪೆ, ಕೋಣ, ಆನೆ, ನರಿ, ಇಲಿ, ನವಿಲು. ಮಗಳ ಒತ್ತಾಯಕ್ಕೆ ಅದಕ್ಕೂ ಒಂದು ಕಲಂ. ಕಪ್ಪೆ ಗೆಲ್ಲುತ್ತದೆ ಎಂದು ಅವಳ ನಂಬಿಕೆ. ಎರಡು ವರ್ಷದ ಲೆಕ್ಕದಲ್ಲಿ ಯಾವ ಪ್ರಾಣಿಯೂ ಗೆಲ್ಲುವುದಿಲ್ಲ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡ ನನ್ನ ಅತ್ತೆ ಮಾತ್ರ ಒಂದೇ ಮಾತು ಹೇಳಿದರು: "ಕೆಲಸ ಇಲ್ಲದ ಬಡಗಿ ಮಗೂ ಕುಂಡೆ ಕೆತ್ತಿದ್ನಂತೆ."

ನನಗೆ ಕೆಲಸ ಇದೆ. ಅದೂ ಕೈತುಂಬ. ಫೋನಿನ ಆ್ಯಪ್‌ಗಳು ಕನ್ನಡದಲ್ಲಿ ಬರುತ್ತವಲ್ಲ, ಆ ಕನ್ನಡವನ್ನು ನೋಡಿ ತಿದ್ದುವ ಕೆಲಸ. ಇದರಲ್ಲಿ ಏನಿದೆ ಅನ್ನುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟರೆ ಸಾಕು, ಯಾರ ಹೆಸರು ಬಂದರೂ ಕೂರುತ್ತದೆ. ಕನ್ನಡದಲ್ಲಿ 'ಗೆ' ಹಚ್ಚಬೇಕು. ರಾಮನಿಗೆ, ಗುರುವಿಗೆ, ಸೀತೆಗೆ, ವಿಕ್ಟರ್‌ಗೆ. ಹೆಸರಿನ ಬಾಲ ನೋಡಿ ವಿಭಕ್ತಿಯ ರೂಪ ಬದಲಾಗುತ್ತದೆ, ಆ ಬಾಲ ಯಾವುದು ಎಂದು ಕಂಪ್ಯೂಟರಿಗೆ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೆ ನಾವು ಮಾಡುವ ಉಪಾಯ 'ಅವರಿಗೆ'. ರಾಮ ಅವರಿಗೆ, ಸೀತಾ ಅವರಿಗೆ, ವಿಕ್ಟರ್ ಅವರಿಗೆ. ನಿಮ್ಮ ಅಣ್ಣನ ಆರು ವರ್ಷದ ಮಗನಿಗೂ ಫೋನು ಬಹುವಚನ ಕೊಡುತ್ತದಲ್ಲ, ಅದು ಮರ್ಯಾದೆಯಲ್ಲ, ವ್ಯಾಕರಣದಿಂದ ತಪ್ಪಿಸಿಕೊಂಡ ದಾರಿ. ಬಹುವಚನದ್ದು ಇನ್ನೊಂದು ತಲೆನೋವು. ನಾವು ಐದು ರೂಪಾಯಿ ಅನ್ನುತ್ತೇವೆ, ಹತ್ತು ದಿನ ಅನ್ನುತ್ತೇವೆ. ರೂಪಾಯಿಗಳು, ದಿನಗಳು ಅನ್ನುವುದು ಭಾಷಣದಲ್ಲಿ. ಆದರೆ ತಂತ್ರಾಂಶದಲ್ಲಿ ಏಕವಚನಕ್ಕೊಂದು ಖಾನೆ, ಉಳಿದದ್ದಕ್ಕೊಂದು ಖಾನೆ ಇರುತ್ತದೆ, ಎರಡನ್ನೂ ತುಂಬಬೇಕು. ಕನ್ನಡದ ನಿಯಮದಲ್ಲಿ ಸೊನ್ನೆಯೂ ಏಕವಚನದ ಖಾನೆಗೇ ಹೋಗುತ್ತದೆ. ಇಂಥವುಗಳಲ್ಲಿ ನನ್ನ ದಿನ ಕಳೆಯುತ್ತದೆ. ಬೇಜಾರಿಲ್ಲ. ಆದರೆ ಬೆಂಗಳೂರಿನಲ್ಲಿ ಬೇಜಾರಿತ್ತು. ಅಲ್ಲಿ ಇದೇ ಕೆಲಸ, ಇದೇ ಸಂಬಳ, ಜೊತೆಗೆ ಹೋಗಿ ಬರಲು ಮೂರು ಗಂಟೆ ಕ್ಯಾಬಿನಲ್ಲಿ. ತಿದ್ದಿದ ಸಾಲು ಯಾರು ಓದುತ್ತಾರೆ ಅನ್ನುವುದು ಕಾಣುತ್ತಿರಲಿಲ್ಲ.

ಇಲ್ಲಿ ಕಂಡಿತು. ಓನರ್ ಒಂದು ದಿನ ಬಾಡಿಗೆ ಬಂದಿದೆಯಾ ನೋಡಿಕೊಡು ಎಂದು ಫೋನು ನನ್ನ ಕೈಗಿತ್ತರು. ಪರದೆ ಕನ್ನಡದಲ್ಲೇ ಇತ್ತು. ಒಂದು ಗುಂಡಿಯ ಮೇಲೆ 'ದೃಢೀಕರಿಸಿ' ಎಂದಿತ್ತು. "ಇದು ಹೌದಾ, ಅಲ್ದಾ?" ಎಂದು ಕೇಳಿದರು. ಹೌದು ಅಂದೆ. "ಹಂಗಾರೆ ಹೌದು ಅಂತಲೇ ಬರಿಲಕ್ಕಾಗಿತ್ತು." ಅದು ನಾವು ಮಾಡಿದ ಆ್ಯಪ್ ಅಲ್ಲ. ಆದರೆ ನಮ್ಮ ಪಟ್ಟಿಯಲ್ಲೂ ಆ ಪದ ಇದೆ, ಅದನ್ನು ಪಾಸ್ ಮಾಡಿದವಳು ನಾನೇ. ಮರುದಿನದ ಮೀಟಿಂಗಿನಲ್ಲಿ 'ಹೌದು, ಕಳಿಸಿ' ಎಂದು ಬದಲಿಸೋಣ ಅಂದೆ. ಗುಂಡಿಯ ಅಗಲ, ಬೇರೆ ಭಾಷೆಯವರ ಜೊತೆ ಹೊಂದಿಕೆ, ಏನೇನೋ ಮಾತಾಯಿತು. ಎರಡು ಕಡೆ ಬದಲಾಯಿತು, ನಾಲ್ಕು ಕಡೆ ಆಗಲಿಲ್ಲ. ಇರಲಿ.

ರಾತ್ರಿ ಮಗಳು ಮಲಗಿದ ಮೇಲೆ ಇನ್ನೊಂದು ಚಟ. ವಿಕಿಸೋರ್ಸ್ ಅನ್ನುವ ಉಚಿತ ಆನ್‌ಲೈನ್ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳ ಕರಡು ತಿದ್ದುವುದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಅವರ ಬರಹ ಎಲ್ಲರದ್ದು. 1964ರಲ್ಲಿ ತೀರಿಕೊಂಡವರದ್ದು 2025ರ ಜನವರಿ 1ಕ್ಕೆ ಬಿಡುಗಡೆ. ಅಂಥ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಯಂತ್ರ ಅದನ್ನು ಓದಿ ಅಕ್ಷರ ಮಾಡಿಕೊಡುತ್ತದೆ. ಯಂತ್ರಕ್ಕೆ ಕನ್ನಡ ಓದಲು ಬರುತ್ತದೆ, ಆದರೆ ಕನ್ನಡಕ ಮರೆತು ಬಂದವರ ಹಾಗೆ. 'ಪುಸ್ತಕ'ವನ್ನು 'ವುಸ್ತಕ' ಅನ್ನುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಇಡುತ್ತದೆ, ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಒಮ್ಮೆ ಮಸಿ ಹರಡಿದ ಒಂದು ಪುಟದಲ್ಲಿ 'ಮಳೆ ಸುರಿಯಿತು' ಅನ್ನುವುದನ್ನು 'ಮನೆ ಸುರಿಯಿತು' ಎಂದು ಓದಿತ್ತು. ಆ ಜೂನ್ ರಾತ್ರಿಯ ಇಡ್ಲಿ ತಟ್ಟೆಗಳು ನೆನಪಾಗಿ ತಿದ್ದಲು ಮನಸ್ಸೇ ಬರಲಿಲ್ಲ.

ಅಲ್ಲಿ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಪರೀಕ್ಷಿಸಿದರೆ ಹಸಿರು. ನಿಮ್ಮ ಪುಟವನ್ನು ನೀವೇ ಹಸಿರು ಮಾಡುವ ಹಾಗಿಲ್ಲ. ರಾತ್ರಿ ನಾನು ಮೂರು ಪುಟ ಹಳದಿ ಮಾಡಿ ಮಲಗುತ್ತೇನೆ. ಕೆಲವು ಬೆಳಗ್ಗೆ ಎದ್ದು ನೋಡಿದರೆ ಒಂದು ಹಸಿರಾಗಿರುತ್ತದೆ. ಯಾರೋ ಎಲ್ಲೋ ಕೂತು ಮಾಡಿದ್ದು. ಅವರ ಊರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಆದರೆ ನಾನು ಬಿಟ್ಟ ಒಂದು ದೀರ್ಘವನ್ನು ಹಾಕಿ ಹೋಗಿರುತ್ತಾರೆ. ಆಫೀಸಿನ ಪ್ರಮೋಷನ್ನಿಗಿಂತ ಇದೇ ಹೆಚ್ಚು ಖುಷಿ ಕೊಡುತ್ತದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಪ್ರಮೋಷನ್ ಸಿಕ್ಕಾಗಲೂ ಖುಷಿಯಾಗಿತ್ತು. ಎರಡೂ ಬೇಕು.

ಮನೆ ಹಿಡಿಯುವುದು ಅಂದರೆ ಬರೀ ಸಾಮಾನು ಜೋಡಿಸುವುದಲ್ಲ ಅನ್ನುವುದು ಅಡುಗೆಮನೆಯಲ್ಲಿ ಗೊತ್ತಾಯಿತು. ಮೊದಲ ಮಳೆಗಾಲದಲ್ಲಿ ನಾನು ತಂದ ಹುಳಿಪುಡಿ, ಸಾರಿನಪುಡಿ, ರಾಗಿಹಿಟ್ಟು ಎಲ್ಲ ಮುದ್ದೆ. ಚರ್ಮದ ಬೆಲ್ಟು, ಪುಸ್ತಕದ ಬೆನ್ನು, ಗಂಡನ ಬ್ಯಾಂಕಿನ ಬ್ಯಾಗು ಎಲ್ಲದರ ಮೇಲೆ ಬಿಳಿ ಬೂಷ್ಟು. ಪಕ್ಕದ ಮನೆಯ ಅಜ್ಜಿ ಬಂದು ಕಪಾಟಿನೊಳಗೆ ನಲವತ್ತು ವಾಟಿನ ಬಲ್ಬು ಉರಿಸಲು ಹೇಳಿದರು. ಬಟ್ಟೆ ಒಣಗಿಸಲು ಒಲೆಯ ಮೇಲೆ ತಂತಿ. ಎಳೆ ಬಿದಿರಿನ ಕಳಲೆ ತಂದರೆ ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ವಿಷ. ಕೆಸುವಿನ ಸೊಪ್ಪಿನ ಕರಕಲಿ ಅನ್ನುವ ಅಡುಗೆಗೆ ಹುಳಿ ಕಡಿಮೆ ಹಾಕಿ ನಾನು ಮನೆಮಂದಿಯ ಗಂಟಲನ್ನೆಲ್ಲ ಒಂದು ಸಂಜೆ ಪೂರ್ತಿ ತುರಿಸಿದ್ದೇನೆ. ಈಗ ಸರಿಯಾಗಿ ಬರುತ್ತದೆ. ವಾಟೆಹುಳಿ ಎಷ್ಟು ಅಂತ ಕೇಳಿದರೆ ಅಜ್ಜಿ 'ಬೇಕಾದಷ್ಟು' ಅನ್ನುತ್ತಾರೆ. ಆ 'ಬೇಕಾದಷ್ಟು' ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು. ಅದನ್ನು ಅಳೆಯುವ ಕೊಳವೆ ಇಲ್ಲ.

ಅಂದುಕೊಂಡದ್ದೆಲ್ಲ ನಡೆದಿಲ್ಲ. ನಡುಮನೆಯ ಕಿಟಕಿಗೆ ಇನ್ನೂ ಪರದೆ ಇಲ್ಲ, ಹಳೆ ಸೀರೆ ಇದೆ. 'ಇತರೆ' ಎಂದು ಬರೆದ ಎರಡು ಡಬ್ಬ ಇನ್ನೂ ಬಿಚ್ಚಿಲ್ಲ. ಒಳಗೇನಿದೆ ಅನ್ನುವುದು ಮರೆತೇ ಹೋಗಿದೆ, ಹಾಗಾಗಿ ಅವಸರವೂ ಇಲ್ಲ. ಮಾಡಿನ ನೀರನ್ನು ಬಾವಿಗೆ ಬಿಡುವ ಯೋಜನೆ ಕಾಗದದಲ್ಲೇ ಇದೆ. ಕಲಿಯುತ್ತೇನೆ ಎಂದು ತಂದ ಹಾರ್ಮೋನಿಯಂನ ತಿದಿಗೂ ಬೂಷ್ಟು ಹಿಡಿದಿದೆ. ಒಮ್ಮೆ ಕರೆಂಟ್ ಹೋಗಿ, ಇನ್ವರ್ಟರ್ ಸತ್ತು, ಫೋನಿನ ನೆಟ್ಟೂ ಕೈಕೊಟ್ಟು, ಆಫೀಸಿನ ಒಂದು ದೊಡ್ಡ ಕೆಲಸ ಕೊನೇ ದಿನ ತಪ್ಪಿತು. ಬೈಸಿಕೊಂಡೆ. ಸರಿಯಾಗಿಯೇ ಬೈದರು. ಆ ವಾರ ಮಳೆ ಅಳೆಯುವಾಗ ನನಗೇ ಸ್ವಲ್ಪ ಕಸಿವಿಸಿ. ಸಂಬಳ ಕೊಡುವವರ ಗಡುವು ತಪ್ಪಿಸಿ, ಯಾರಿಗೂ ಉಪಯೋಗವಿಲ್ಲದ ಅಂಕಿ ಬರೆಯುವುದು ತಪ್ಪದೆ ಮಾಡುತ್ತೀಯಲ್ಲ ಎಂದು.

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಬೆಂಗಳೂರಿನಲ್ಲಿ ಆಫೀಸು, ಮನೆ, ಹವ್ಯಾಸ ಮೂರೂ ಬೇರೆ ಬೇರೆ ಕಡೆಯಿಂದ ನನ್ನ ಸೆರಗು ಎಳೆಯುತ್ತಿದ್ದವು. ಇಲ್ಲಿ ಅವು ಒಂದರ ಬಾಗಿಲಿನಿಂದ ಇನ್ನೊಂದು ಬರುತ್ತವೆ. ಹೆಂಚು ಸೋರಿದ್ದಕ್ಕೆ ಬಾಟಲಿ ಬಂತು, ಬಾಟಲಿಯಿಂದ ಓನರಿನ ಫೋನು, ಆ ಫೋನಿನಿಂದ ಆಫೀಸಿನ ಒಂದು ಪದ. ನಾನು ಜೋಡಿಸಿದ್ದಲ್ಲ.

ಬ್ಯಾಂಕಿನವರಿಗೆ ಮೂರು ವರ್ಷಕ್ಕೆ ವರ್ಗಾವಣೆ. ಈ ಊರಿನ ಮಾರಿಕಾಂಬಾ ಜಾತ್ರೆಯೂ ಮೂರು ವರ್ಷಕ್ಕೊಮ್ಮೆ. ಒಂದು ಜಾತ್ರೆಯಾದರೂ ನೋಡಿಯೇ ಹೋಗುವುದು ಎಂದು ಮಗಳ ಹಟ. ಆಮೇಲೆ ಮಳೆಯ ನೋಟ್‌ಬುಕ್ ಏನು ಮಾಡುವುದು? ಓನರಿಗೆ ಕೊಡುವುದಾ? ಹೊಸ ಊರಿನಲ್ಲಿ ಹೊಸ ಪುಸ್ತಕ ಶುರು ಮಾಡುವುದಾ? ಹೊಸ ಊರು ನನ್ನಜ್ಜನ ಸೀಮೆಯ ಥರದ್ದಾದರೆ ಕೊಳವೆ ವಾರಗಟ್ಟಲೆ ಒಣಗಿಯೇ ಇರುತ್ತದೆ. ಸೊನ್ನೆಯನ್ನೂ ಬರೆಯಬೇಕು ಅನ್ನುತ್ತಾರೆ. ಮಳೆ ಬಾರದ ದಿನ ಖಾಲಿ ಬಿಟ್ಟರೆ, ಬರಲಿಲ್ಲವೋ ನೋಡಲಿಲ್ಲವೋ ಗೊತ್ತಾಗುವುದಿಲ್ಲ.

ಈ ಆಗಸ್ಟಿನಲ್ಲಿ ಅಮ್ಮನಿಗೆ ಹುಷಾರಿಲ್ಲದೆ ನಾಲ್ಕು ದಿನ ತುಮಕೂರಿಗೆ ಹೋಗಿದ್ದೆ. ಮಘೆ ಮಳೆಯ ಹೊತ್ತು. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಎಂದು ಅಮ್ಮ ಮಲಗಿದಲ್ಲಿಂದಲೇ ಹೇಳಿದಳು. ಅಲ್ಲಿ ಸುಮ್ಮನೆ ಮೋಡ. ನಾಲ್ಕು ದಿನ ಎಂಟೂವರೆಗೆ ನಾನು ಗಡಿಯಾರ ನೋಡಿದೆ, ಏನೂ ಮಾಡಲಿಲ್ಲ. ಇನ್ನು ಆ ನಾಲ್ಕು ಸಾಲು ಖಾಲಿ ಅಂದುಕೊಂಡು ವಾಪಸ್ ಬಂದೆ. ನೋಟ್‌ಬುಕ್ ತೆರೆದರೆ ನಾಲ್ಕೂ ತುಂಬಿದ್ದವು, ಮಗಳ ಗುಂಡು ಅಕ್ಷರದಲ್ಲಿ. ನಕ್ಷತ್ರ, ವಾಹನ, ಎಲ್ಲ ಕಲಂ. ಮೂರನೇ ದಿನದ ಅಂಕಿಯ ಪಕ್ಕ ಸಣ್ಣದಾಗಿ ಬರೆದಿದ್ದಳು: 'ಜಾರಿ ಬಿದ್ದೆ. ಸ್ವಲ್ಪ ಚೆಲ್ಲಿತು. ಓನರ್ ಅಂಕಲ್‌ಗೆ ಜಾಸ್ತಿ ಸೇರಿಸಿ ಹೇಳಿದೀನಿ.'